‘ಅವರು’ ಅಂದರೆ ಯಾರು ಅಂತ ನಾನು ಕೇಳಲಿಲ್ಲ

ಹದಿನೈದು ದಿನ ಅವನು ‘ಅವರು’ ಅಂತಲೇ ಹೇಳುತ್ತಿದ್ದ. ‘ಅವರ ಜತೆ ಆರು ವರ್ಷ ಇದ್ದೆ ಸರ್.’ ‘ಅವರಿಗೆ ಹೋದ ವರ್ಷ ಮದುವೆ ಆಯ್ತು ಸರ್.’ ‘ಅವರು ನಂಬರ್ ಚೇಂಜ್ ಮಾಡಿದ್ರು ಸರ್.’ ಎದುರಿಗೆ ಫೈಲ್ ಬಿಚ್ಚಿಟ್ಟುಕೊಂಡು ಕೂತಿದ್ದ ನಾನು ‘ಲವ್ ಫೇಲ್ಯೂರ್, ಹುಡುಗಿಗೆ ಬೇರೆ ಕಡೆ ಮದುವೆ’ ಅಂತ ಬರೆದುಕೊಂಡೆ. ಇಪ್ಪತ್ತಾರು ವರ್ಷದವನು, ಬೈಕ್ ಶೋರೂಮಿನಲ್ಲಿ ಕೆಲಸ, ದಿನಕ್ಕೆ ಎರಡು ಕ್ವಾರ್ಟರ್, ಬೆಳಗಾದರೆ ಕೈ ನಡುಕ. ಅಂಥ ಹುಡುಗ ತಾನು ಪ್ರೀತಿಸಿದವಳ ಬಗ್ಗೆ ಇಷ್ಟೊಂದು ಬಹುವಚನ ಕೊಟ್ಟು ಯಾಕೆ ಮಾತಾಡ್ತಾನೆ ಅನ್ನುವ ಪ್ರಶ್ನೆ ನನಗೆ ಹುಟ್ಟಲೇ ಇಲ್ಲ.

ಕನ್ನಡದಲ್ಲಿ ‘ಅವನು’ ಅಂದರೂ ಗೊತ್ತಾಗುತ್ತೆ, ‘ಅವಳು’ ಅಂದರೂ ಗೊತ್ತಾಗುತ್ತೆ. ಕ್ರಿಯಾಪದ ಕೂಡ ಸುಮ್ಮನಿರಲ್ಲ. ಬಂದ, ಬಂದಳು ಅಂತ ಚಾಡಿ ಹೇಳಿಬಿಡುತ್ತೆ. ಬಚ್ಚಿಟ್ಟುಕೊಳ್ಳೋಕೆ ಉಳಿದಿರುವ ಜಾಗ ‘ಅವರು’ ಒಂದೇ. ಆ ಹುಡುಗ ಹದಿನೈದು ದಿನ ಅಲ್ಲಿ ಕೂತು, ಈ ಮೇಷ್ಟ್ರು ಬಾಗಿಲು ತಟ್ತಾರಾ ಅಂತ ನೋಡುತ್ತಿದ್ದ.

ನಾನು ತಟ್ಟಲಿಲ್ಲ. ಹದಿನಾರನೇ ದಿನ ಅವನೇ ಹೇಳಿದ: ‘ಸರ್, ಅವರು ಅಂದ್ರೆ ಹುಡುಗಿ ಅಲ್ಲ.’

ಆಗ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ‘ನೋಡಪ್ಪಾ, ಅದು ನಿನ್ನ ಪರ್ಸನಲ್ ವಿಷಯ. ಅದರಲ್ಲಿ ನಾನು ಏನೂ ಹೇಳಲ್ಲ. ನೀನು ಇಲ್ಲಿಗೆ ಬಂದಿರೋದು ಕುಡಿತ ಬಿಡೋಕೆ. ಮೊದಲು ಅದನ್ನ ನೋಡೋಣ.’

‘ಸರಿ ಸರ್’ ಅಂದ. ಆಮೇಲೆ ‘ಅವರ’ ಸುದ್ದಿ ಎತ್ತಲೇ ಇಲ್ಲ.

ಇದು 2019ರ ಮಾತು. ಬೆಂಗಳೂರಿನಿಂದ ಎರಡು-ಮೂರು ಗಂಟೆ ದಾರಿಯ ಒಂದು ಜಿಲ್ಲಾ ಕೇಂದ್ರದ ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕನಾಗಿದ್ದೆ. (ಆ ಹುಡುಗನ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ.) ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿರುವ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟಾಗ ಡಿಪಿಗೆ ಕಾಮನಬಿಲ್ಲು ಹಾಕಿಕೊಂಡವರಲ್ಲಿ ನಾನೂ ಒಬ್ಬ. ಯಾರಾದರೂ ಆಗ ಬಂದು, ಸಲಿಂಗಿಗಳ ಬಗ್ಗೆ ನಿಮ್ಮ ಧೋರಣೆ ಏನು ಅಂತ ಪ್ರಶ್ನಾವಳಿ ಕೊಟ್ಟಿದ್ದರೆ ನೂರಕ್ಕೆ ನೂರು ಅಂಕ ತೆಗೆಯುತ್ತಿದ್ದೆ. ಹಾಗಾಗಿ ಈ ಬರಹ ಕೆಟ್ಟವರ ಬಗ್ಗೆ ಅಲ್ಲ. ಬೈಯುವ, ದೇವರ ಶಾಪ ಅನ್ನುವ, ‘ವಾಸಿ ಮಾಡ್ತೀವಿ’ ಅನ್ನುವ ಸಮಾಲೋಚಕರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಾನು ಹೇಳಬೇಕಾಗಿರೋದು ಒಳ್ಳೆಯವರ ಬಗ್ಗೆ. ‘ಅದು ನಿನ್ನ ಪರ್ಸನಲ್’ ಅನ್ನುವವರ ಬಗ್ಗೆ.

ಈ ಮಾತಿಗೆ ನಮ್ಮ ವೃತ್ತಿಯಲ್ಲಿ ಒಂದು ಮರ್ಯಾದೆಯ ಹೆಸರಿದೆ: ‘ನಾವು ಎಲ್ಲರನ್ನೂ ಒಂದೇ ತರಹ ನೋಡ್ತೀವಿ.’ ಕೇಳೋಕೆ ಚೆಂದ. ಅದರಲ್ಲಿ ಒಂದು ಪಾಲು ಸತ್ಯವೂ ಇದೆ. ದಿನವೂ ಜೋರಾಗಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಮೂರ್ನಾಲ್ಕು ದಿನ ಜೀವಕ್ಕೇ ಅಪಾಯ. ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಕೇಳಬಹುದು, ಜ್ವರ ಏರಬಹುದು. ಆ ಹೊತ್ತಿನಲ್ಲಿ ಅವನು ಯಾರನ್ನು ಪ್ರೀತಿಸುತ್ತಾನೆ ಅನ್ನುವುದಕ್ಕಿಂತ ಮಾತ್ರೆ, ಡ್ರಿಪ್, ವಿಟಮಿನ್ ಇಂಜೆಕ್ಷನ್ ಮುಖ್ಯ. ಅದು ಸರಿ. ಆದರೆ ಅದು ಒಂದು ವಾರದ ಕೆಲಸ. ಉಳಿದ ಮೂರು ವಾರ ನಾವು ಮಾಡುವುದೇನು? ಮಾತು. ಮದುವೆಯಾದ ಗಂಡಸು ಎದುರಿಗೆ ಕೂತರೆ ಹೆಂಡತಿ ಜತೆ ಜಗಳ ಯಾವಾಗ ಶುರುವಾಯಿತು, ಮಾವನ ಮನೆಯವರು ಏನಂದರು, ಜಮೀನಿನ ಪಾಲು ಎಷ್ಟು ಬಂತು, ಸಂಘದ ಸಾಲ ಎಷ್ಟು, ಸಂಶಯ ಇದೆಯಾ, ಮಲಗುವ ಕೋಣೆಯಲ್ಲಿ ಎಲ್ಲ ಸರಿ ಇದೆಯಾ ಅಂತ ಒಂದೂ ಬಿಡದೆ ಕೇಳುತ್ತೇವೆ. ಅವನ ಪರ್ಸನಲ್ ಅನ್ನುವುದು ನಮಗೆ ಚಿಕಿತ್ಸೆಯ ಕಚ್ಚಾ ಸಾಮಗ್ರಿ. ಈ ಹುಡುಗನ ವಿಷಯಕ್ಕೆ ಬಂದ ಕೂಡಲೇ ‘ಅದು ನಿನ್ನ ಪರ್ಸನಲ್’. ಒಬ್ಬನಿಗೆ ಇಡೀ ಬದುಕಿನ ಲೆಕ್ಕ, ಇನ್ನೊಬ್ಬನಿಗೆ ಬರೀ ಬಾಟಲಿಯ ಲೆಕ್ಕ. ಇದನ್ನು ಸಮಾನತೆ ಅಂತ ಕರೆದುಕೊಂಡು ನಾವು ನೆಮ್ಮದಿಯಾಗಿದ್ದೆವು.

ಮುಂದಿನದು ಇನ್ನೂ ಕೆಟ್ಟದ್ದು. ಡಿಸ್ಚಾರ್ಜ್‌ಗೆ ಮುಂಚೆ ಫ್ಯಾಮಿಲಿ ಸೆಷನ್ ಇರುತ್ತದೆ. ಅವನ ತಾಯಿ, ಸೋದರಮಾವ ಬಂದಿದ್ದರು. ತಾಯಿ ಕೇಳಿದರು: ‘ಇವನಿಗೆ ಒಂದು ಮದುವೆ ಅಂತ ಮಾಡಬೋದಾ ಸಾರ್? ಕಟ್ಟಿ ಹಾಕ್ದಂಗೆ ಆಗುತ್ತೆ.’ ಅವನು ಪಕ್ಕದಲ್ಲೇ ಕೂತಿದ್ದ. ನಾನು ಜವಾಬ್ದಾರಿಯುತ ವೃತ್ತಿಪರನಂತೆ ಉತ್ತರಿಸಿದೆ: ‘ಈಗಲೇ ಬೇಡಮ್ಮ. ಆರು ತಿಂಗಳು ನೋಡಿ. ಕುಡೀದೇ ಇದ್ದರೆ ಆಮೇಲೆ ಯೋಚನೆ ಮಾಡಿ.’ ಇದು ನಾವು ಎಲ್ಲರಿಗೂ ಹೇಳುವ ಮಾತು. ಕುಡುಕನಿಗೆ ಹೆಣ್ಣು ಕೊಟ್ಟು ಒಂದು ಹುಡುಗಿಯ ಬಾಳು ಹಾಳಾಗಬಾರದು ಅನ್ನುವ ಕಾಳಜಿಯಿಂದ ಹುಟ್ಟಿದ ಮಾತು. ಆದರೆ ಆ ಕೋಣೆಯಲ್ಲಿ ಅವನ ಕಿವಿಗೆ ಅದು ಹೇಗೆ ಬಿದ್ದಿರಬೇಕು? ಆರು ತಿಂಗಳು ಕುಡಿಯದೆ ಇದ್ದರೆ ಬಹುಮಾನ ಮದುವೆ. ಮದುವೆ ತಪ್ಪಿಸಿಕೊಳ್ಳಬೇಕಾದರೆ ಒಂದೇ ದಾರಿ.

ಐದನೇ ತಿಂಗಳು ಅವನು ಕುಡಿದ. ‘ನಿಮ್ಮ ಪೇಷಂಟ್ ಮತ್ತೆ ರಿಲ್ಯಾಪ್ಸ್’ ಅಂತ ಸಹೋದ್ಯೋಗಿ ಹೇಳಿದರು. ಫೈಲಿನಲ್ಲಿ ‘ಮೋಟಿವೇಷನ್ ಕಡಿಮೆ’ ಅಂತ ಬರೆದಾಯಿತು. ಕುಡಿಯೋಕೆ ಮೋಟಿವೇಷನ್ ಕೊಟ್ಟವನು ನಾನು ಅನ್ನೋದು ಅರ್ಥವಾಗೋಕೆ ನನಗೆ ಇನ್ನೂ ಎರಡು ವರ್ಷ ಬೇಕಾಯಿತು.

ಈ ವಿಷಯದ ಮೇಲೆ ಹೊರದೇಶದಲ್ಲಿ ನಡೆದ ಅಧ್ಯಯನಗಳನ್ನು ಆಮೇಲೆ ಓದಿದೆ. ಅಮೆರಿಕದ ಐಯೋವಾ ರಾಜ್ಯದಲ್ಲಿ ಮಿಕ್ಕಿ ಎಲಿಯಾಸನ್ ಅನ್ನುವ ಸಂಶೋಧಕಿ ವ್ಯಸನ ಚಿಕಿತ್ಸೆಯ 242 ಸಮಾಲೋಚಕರನ್ನು ಕೇಳಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಮೊದಮೊದಲಿನದು. ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯ ಧೋರಣೆ ನಕಾರಾತ್ಮಕ, ಇಲ್ಲವೇ ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ. ಅದಕ್ಕಿಂತ ನನ್ನನ್ನು ತಟ್ಟಿದ್ದು ಇನ್ನೊಂದು ಅಂಶ: ಈ ಕ್ಲೈಂಟುಗಳ ಕಾನೂನು ತೊಡಕು, ಕುಟುಂಬದ ಒತ್ತಡ, ಸಂಗಾತಿ ಸಂಬಂಧ, ತಮ್ಮ ಮೇಲೆ ತಮಗೇ ಹುಟ್ಟುವ ಅಸಹ್ಯ, ಇವುಗಳ ಬಗ್ಗೆ ಹೆಚ್ಚಿನವರಿಗೆ ಯಾವ ತರಬೇತಿಯೂ ಸಿಕ್ಕಿರಲಿಲ್ಲ. ಅಲ್ಲಿನ ಸರ್ಕಾರವೇ 2001ರಲ್ಲಿ ಇಂಥ ಕ್ಲೈಂಟುಗಳ ಚಿಕಿತ್ಸೆ ಹೇಗಿರಬೇಕು ಅಂತ ಒಂದು ಕೈಪಿಡಿ ತಂದಿತು. ಸರಿಹೋಯಿತಾ? 2007ರಲ್ಲಿ ಸಂಶೋಧಕರ ಇನ್ನೊಂದು ತಂಡ ಒಂದು ಸರಳ ಕೆಲಸ ಮಾಡಿತು. ‘ನಮ್ಮಲ್ಲಿ ಎಲ್‌ಜಿಬಿಟಿ ಜನರಿಗೆ ವಿಶೇಷ ಸೇವೆ ಇದೆ’ ಅಂತ ಸರ್ಕಾರಿ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಂಡಿದ್ದ ಕೇಂದ್ರಗಳಿಗೆಲ್ಲ ಫೋನ್ ಮಾಡಿ, ಏನು ಸೇವೆ ಅಂತ ಕೇಳಿತು. ನೂರಕ್ಕೆ 70ರಷ್ಟು ಕೇಂದ್ರಗಳ ಉತ್ತರ: ವಿಶೇಷ ಏನಿಲ್ಲ, ಎಲ್ಲರಿಗೂ ಕೊಡುವುದನ್ನೇ ಇವರಿಗೂ ಕೊಡ್ತೀವಿ. ನಮ್ಮ ‘ಒಂದೇ ತರಹ ನೋಡ್ತೀವಿ’ ಅಲ್ಲೂ ಇದೆ ನೋಡಿ.

ಆದರೆ ಅಮೆರಿಕದ ಲೆಕ್ಕವನ್ನು ಇಲ್ಲಿಗೆ ಹಾಗೇ ತಂದಿಟ್ಟರೆ ಒಂದು ದೊಡ್ಡ ವಿಷಯ ತಪ್ಪಿಹೋಗುತ್ತದೆ. ಅಲ್ಲಿ ಸಮಾಲೋಚಕ ಮತ್ತು ಕ್ಲೈಂಟ್ ಇಬ್ಬರೇ ಎದುರುಬದುರು. ನಮ್ಮಲ್ಲಿ ಕೋಣೆಯಲ್ಲಿ ಮೂರನೆಯವರು ಇರ್ತಾರೆ. ಕರೆತರುವವರು ಮನೆಯವರು, ಫೀಸು ಕಟ್ಟುವವರು ಮನೆಯವರು, ಸಹಿ ಹಾಕುವವರು ಮನೆಯವರು, ಭಾನುವಾರ ಬಿಸ್ಕತ್ತು-ಬಾಳೆಹಣ್ಣು ತಂದು ‘ಹೆಂಗವ್ನೆ ಸಾರ್’ ಅಂತ ಕೇಳುವವರೂ ಮನೆಯವರು. ಬಸ್ ಸ್ಟ್ಯಾಂಡಿನ ಗೋಡೆ ಮೇಲಿನ ‘ಕುಡಿತ ಬಿಡಿಸುತ್ತೇವೆ, ಕುಡಿಯುವವರಿಗೆ ಗೊತ್ತಾಗದಂತೆ’ ಅನ್ನುವ ಜಾಹೀರಾತು ನೀವೂ ನೋಡಿರ್ತೀರಿ. ಆ ಸಾಲು ಯಾರನ್ನು ಗಿರಾಕಿ ಅಂತ ಅಂದುಕೊಂಡಿದೆ ಹೇಳಿ? ಕುಡಿಯುವವನನ್ನಂತೂ ಅಲ್ಲ.

ಹಾಗಾಗಿ ಇಲ್ಲಿ ‘ಗುಣವಾಗುವುದು’ ಅಂದರೆ ಸಂಸಾರಕ್ಕೆ ವಾಪಸ್ಸಾಗುವುದು. ‘ಕುಡಿತ ಬಿಟ್ಟು ಹೆಂಡ್ತಿ ಮಕ್ಕಳ ಜತೆ ಚೆನ್ನಾಗಿದಾನೆ’ ಅನ್ನುವುದೇ ನಮ್ಮ ಯಶಸ್ಸಿನ ಕಥೆ. ಇದರಲ್ಲಿ ಸುಳ್ಳಿಲ್ಲ. ಗಂಡನ ಕುಡಿತದಿಂದ ಏಟು ತಿಂದ ಹೆಂಗಸರೇ ಈ ರಾಜ್ಯದಲ್ಲಿ ಸಾರಾಯಿ ವಿರುದ್ಧ ಬೀದಿಗಿಳಿದವರು. ಅವರ ನೋವಿನಿಂದಲೇ ನಮ್ಮ ಚಿಕಿತ್ಸೆಯ ಭಾಷೆ ಹುಟ್ಟಿದೆ, ಅದಕ್ಕೆ ಗೌರವ ಕೊಡಲೇಬೇಕು. ಆದರೆ ಸಂಸಾರವೇ ಯಾರಿಗೆ ಕುಡಿತದ ಕಾರಣವೋ ಅವರ ಕೈಗೆ ಅದೇ ಸಂಸಾರವನ್ನು ಔಷಧಿ ಅಂತ ಕೊಟ್ಟರೆ?

ಇನ್ನೊಂದು ಮಾತು ವಾರ್ಡಿನಲ್ಲಿ ದಿನವೂ ಕೇಳುತ್ತದೆ. ‘ಗಂಡಸಾದ್ರೆ ಬಿಟ್ಟು ತೋರ್ಸು.’ ಅದನ್ನು ಬೈಗುಳದ ಹಾಗೆ ಅಲ್ಲ, ಪ್ರೋತ್ಸಾಹದ ಹಾಗೆ ಹೇಳುತ್ತಾರೆ. ಕುಡಿತ ಬಿಟ್ಟು ಐದಾರು ವರ್ಷವಾಗಿ ಈಗ ಅಲ್ಲೇ ಕೆಲಸ ಮಾಡುವ ಹಿರಿಯರು ಹೇಳುತ್ತಾರೆ, ನಾನೂ ಹೇಳಿದ್ದೇನೆ. ಗಂಡಸುತನವೇ ಚಿಕಿತ್ಸೆಯ ಇಂಧನ ಆಗಿರುವ ಕೋಣೆಯಲ್ಲಿ, ಶಾಲೆಯಿಂದ ಇಲ್ಲಿಯವರೆಗೆ ‘ನೀನು ಗಂಡಸೇನಲೇ’ ಅನ್ನಿಸಿಕೊಂಡು ಬಂದವನು ಬಾಯಿ ಬಿಡುತ್ತಾನಾ? ಗುಂಪು ಚಿಕಿತ್ಸೆಯಲ್ಲಿ ಅವನ ಸರದಿ ಬಂದಾಗ ಒಂದು ಹುಡುಗಿಯ ಕಥೆ ಕಟ್ಟಿ ಹೇಳುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು ತನ್ನ ಬದುಕಿನ ನಿರ್ಭಯ ಲೆಕ್ಕ ತೆಗೆಯುವುದು. ಐದನೆಯದು ಅದನ್ನು ಇನ್ನೊಬ್ಬ ಮನುಷ್ಯನ ಎದುರು ಒಪ್ಪಿಕೊಳ್ಳುವುದು. ಸುಳ್ಳು ಲೆಕ್ಕ ಕೊಟ್ಟು ಐದನೇ ಹೆಜ್ಜೆ ಇಡೋದು ಹೇಗೆ? ನ್ಯಾಯವಾಗಿ ಹೇಳಬೇಕೆಂದರೆ ಆ ಸಂಘಟನೆಯ ನಿಯಮದಲ್ಲಿ ತಕರಾರಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ಯಾರು ಬೇಕಾದರೂ ಸದಸ್ಯರು. ಅಮೆರಿಕದಲ್ಲಿ ಸಲಿಂಗಿಗಳ ಗುಂಪುಗಳನ್ನು ತಮ್ಮ ಡೈರೆಕ್ಟರಿಯಲ್ಲಿ ಸೇರಿಸಲು ಅವರು 1974ರಲ್ಲೇ ಒಪ್ಪಿದ್ದರು. ತೊಂದರೆ ನಿಯಮದ್ದಲ್ಲ, ಕೋಣೆಯದು.

ಸಲಿಂಗಿಗಳು, ಟ್ರಾನ್ಸ್ ಜನ ಹೆಚ್ಚು ಕುಡೀತಾರೆ ಅನ್ನುವ ಮಾತು ಕೇಳಿದರೆ ‘ಅವರ ಲೈಫೇ ಹಾಗೆ’ ಅನ್ನುವವರಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಲಾನ್ ಮೇಯರ್ ಅನ್ನುವ ಸಂಶೋಧಕ 2003ರಲ್ಲಿ ಈ ಪ್ರಶ್ನೆಗೆ ಒಂದು ಚೌಕಟ್ಟು ಕೊಟ್ಟರು. ಎಲ್ಲರಿಗೂ ಇರುವ ಕಷ್ಟಗಳ ಮೇಲೆ, ತಾನು ಯಾರು ಅನ್ನೋ ಕಾರಣಕ್ಕೇ ಬರುವ ಕಷ್ಟ ಒಂದು ಪದರ ಹೆಚ್ಚಾಗಿ ಕೂರುತ್ತದೆ. ಹೊರಗಿನ ಅವಮಾನ ಒಂದು. ಯಾವಾಗ ಬರುತ್ತೋ ಅಂತ ಕಾಯುತ್ತಾ ಇರುವುದು ಇನ್ನೊಂದು. ಬಚ್ಚಿಡುವ ಶ್ರಮ ಬೇರೆ. ಕೊನೆಗೆ ಆ ಅವಮಾನವನ್ನು ತಾನೇ ನಂಬಿಬಿಡುವುದು. ಶೋರೂಮಿನಲ್ಲಿ ದಿನಕ್ಕೆ ಹತ್ತು ಗಂಟೆ ನಗುತ್ತಾ ನಿಂತು, ಆರು ವರ್ಷದ ಸಂಗಾತಿಯ ಮದುವೆಗೆ ಗೆಳೆಯನ ವೇಷದಲ್ಲಿ ಹೋಗಿ, ಊಟಕ್ಕೆ ಬಡಿಸಿ ಬಂದವನು ಆ ರಾತ್ರಿ ಏನು ಮಾಡಬೇಕಿತ್ತು? ಇದನ್ನು ಅವನು ನನಗೆ ಹೇಳಲಿಲ್ಲ. ನಾನು ಕೇಳದೇ ಇದ್ದದ್ದರಿಂದ. ಎರಡನೇ ಸಲ ದಾಖಲಾದಾಗ ಬೇರೆ ಸಮಾಲೋಚಕಿಯೊಬ್ಬರಿಗೆ ಹೇಳಿದ್ದ. ಆಕೆ ಅವನ ಒಪ್ಪಿಗೆ ಪಡೆದು ನನ್ನ ಜತೆ ಮಾತಾಡಿದರು. ಅವರು ಮಾಡಿದ್ದು ದೊಡ್ಡದೇನಲ್ಲ. ಅವನು ‘ಅವರು’ ಅಂದಾಗ ಇವರೂ ‘ಅವರು’ ಅಂತಲೇ ಮಾತು ಮುಂದುವರಿಸಿದ್ದರಂತೆ. ‘ಅವರು ಹೇಗಿದ್ರು? ನಿನ್ನ ಚೆನ್ನಾಗಿ ನೋಡ್ಕೋತಿದ್ರಾ?’ ಮೂರನೇ ದಿನಕ್ಕೆ ಎಲ್ಲ ಹೊರಬಂತು.

ಹಾಗಂತ ಇನ್ನೊಂದು ತುದಿಗೆ ಓಡಬಾರದು. ತರಬೇತಿ ಶಿಬಿರಕ್ಕೆ ಹೋಗಿಬಂದ ಉತ್ಸಾಹದಲ್ಲಿ, ಸಲಿಂಗಿ ಕ್ಲೈಂಟ್ ಬಂದರೆ ಸಾಕು, ಕುಡಿತಕ್ಕೆಲ್ಲ ಅದೇ ಕಾರಣ ಅಂತ ತೀರ್ಮಾನಿಸುವವರನ್ನೂ ನೋಡಿದ್ದೇನೆ. ಒಬ್ಬರು ಕ್ಲೈಂಟಿಗೆ ‘ನೀನು ಮನೆಯವರ ಎದುರು ಹೇಳಿಬಿಡು, ಹಗುರಾಗ್ತೀಯ’ ಅಂದಿದ್ದರು. ಹಗುರಾಗೋದೇನೋ ಸರಿ, ಆ ರಾತ್ರಿ ಮಲಗೋದೆಲ್ಲಿ? ಹೇಳಬೇಕಾ ಬೇಡವಾ, ಯಾರಿಗೆ, ಯಾವಾಗ ಅನ್ನುವುದು ಪೂರ್ತಿ ಅವನ ಕೈಯಲ್ಲಿರಬೇಕು. ಕೆಲವರು ಸುಮ್ಮನೆ ಸಾಲಕ್ಕೆ ಹೆದರಿ ಕುಡೀತಾರೆ. ಅವರು ಯಾರನ್ನು ಪ್ರೀತಿಸಿದರೂ ಸಾಲ ಸಾಲವೇ.

ಈಗ ಕಾನೂನಿಗೆ ಬರೋಣ. ಇದನ್ನು ಓದುತ್ತಿರುವ ನಿಮಗೆ ನಾಳೆ ನಿಮಗೋ ಸ್ನೇಹಿತರಿಗೋ ಬೇಕಾಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಬರುತ್ತವೆ. ಅಂದರೆ ವ್ಯಸನಮುಕ್ತಿ ಕೇಂದ್ರದೊಳಗೂ ಈ ಕಾಯ್ದೆ ಇದೆ. ಇದರ 18ನೇ ಸೆಕ್ಷನ್, ಲಿಂಗ, ಜಾತಿ, ಧರ್ಮದ ಜತೆಗೆ ಲೈಂಗಿಕ ಒಲವಿನ ಆಧಾರದ ಮೇಲೂ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಅನ್ನುತ್ತದೆ. 377 ಇನ್ನೂ ಜೀವಂತವಾಗಿದ್ದಾಗಲೇ ಸಂಸತ್ತು ಈ ಮಾತು ಬರೆದಿತ್ತು ಅನ್ನೋದನ್ನ ಗಮನಿಸಿ. 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತದೆ. 14ನೇ ಸೆಕ್ಷನ್ ಇನ್ನೂ ಉಪಯುಕ್ತ: ವಯಸ್ಕರು ಯಾರು ಬೇಕಾದರೂ ತಮ್ಮ ಪರವಾಗಿ ಒಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ಲಿಖಿತವಾಗಿ ನೇಮಿಸಿಕೊಳ್ಳಬಹುದು. ಅದು ಅಪ್ಪ-ಅಮ್ಮನೇ ಆಗಬೇಕಿಲ್ಲ. ಸ್ನೇಹಿತೆ ಆಗಬಹುದು, ಸಂಗಾತಿ ಆಗಬಹುದು. ನಾನು ಕೆಲಸ ಮಾಡಿದ ಮೂರು ವರ್ಷದಲ್ಲಿ ಈ ಅವಕಾಶ ಇದೆ ಅಂತ ಒಬ್ಬ ಕ್ಲೈಂಟಿಗೂ ನಾವು ಹೇಳಿರಲಿಲ್ಲ.

ಗೋಪ್ಯತೆಯ ಕಥೆ ಕೇಳಲೇಬೇಡಿ. ‘ನಮ್ಮ ಹುಡುಗ ಏನೇನು ಹೇಳ್ದ ಸಾರ್?’ ಅಂತ ಫೀಸು ಕಟ್ಟಿದ ಅಣ್ಣ ಕೇಳಿದರೆ, ಬಹಳ ಕಡೆ ಫೈಲೇ ತೆರೆದು ತೋರಿಸುತ್ತಾರೆ. ಒಮ್ಮೆ ಒಬ್ಬ ತಂದೆ ಇಪ್ಪತ್ತು ವರ್ಷದ ಮಗನನ್ನು ಕರೆದುಕೊಂಡು ಬಂದರು. ಕುಡಿತ ಅಂದರೆ ಕಾಲೇಜಿನ ಟ್ರಿಪ್ಪಿನಲ್ಲಿ ಎರಡು ಬಿಯರ್. ಅರ್ಧ ಗಂಟೆ ಸುತ್ತಿ ಬಳಸಿ ಮಾತಾಡಿದ ಮೇಲೆ ನಿಜವಾದ ದೂರು ಹೊರಬಿತ್ತು: ಮೊಬೈಲಿನಲ್ಲಿ ಯಾವನೋ ಹುಡುಗನ ಜತೆ ಮೆಸೇಜು. ಅವತ್ತು ನಮ್ಮ ಡಾಕ್ಟರು ದಾಖಲು ಮಾಡಿಕೊಳ್ಳಲಿಲ್ಲ, ಅಪ್ಪನಿಗೇ ಬುದ್ಧಿ ಹೇಳಿ ಕಳಿಸಿದರು. ಬೇರೆ ಬಾಗಿಲು ತಟ್ಟಿದ್ದರೆ ಏನಾಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ.

ಡಾಕ್ಟರುಗಳ ವಿಷಯದಲ್ಲಿ ಒಂದು ಬೇಲಿ ಬಿದ್ದಿದೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರ ಜೂನ್‌ನಲ್ಲಿ, ಲೈಂಗಿಕ ಒಲವನ್ನು ‘ವಾಸಿ’ ಮಾಡುವ, ಬದಲಾಯಿಸುವ ಯತ್ನಗಳನ್ನು ನಿಷೇಧಿಸಿದರು. ಈ ವಿಷಯ ತನಗೇ ಸರಿಯಾಗಿ ಗೊತ್ತಿಲ್ಲ ಅಂತ ಆ ನ್ಯಾಯಮೂರ್ತಿ ಬಹಿರಂಗವಾಗಿ ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕೂತು ಕಲಿತು ಆಮೇಲೆ ಆದೇಶ ಬರೆದರು. ನಮ್ಮ ವೃತ್ತಿಯವರಲ್ಲಿ ಎಷ್ಟು ಮಂದಿ ಅಷ್ಟು ಮಾಡಿದ್ದೇವೆ? ಅದರ ಬೆನ್ನಲ್ಲೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ‘ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಅಂತ ಪರಿಗಣಿಸಲು ರಾಜ್ಯ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು. ಒಳ್ಳೆಯದೇ. ಆದರೆ ಆ ಬೇಲಿ ವೈದ್ಯರ ಹೊಲಕ್ಕೆ ಮಾತ್ರ. ವ್ಯಸನಮುಕ್ತಿ ಕೇಂದ್ರದಲ್ಲಿ ಕ್ಲೈಂಟಿನ ಜತೆ ಹೆಚ್ಚು ಹೊತ್ತು ಕೂರುವವನು ಡಾಕ್ಟರ್ ಅಲ್ಲ, ಅವರು ವಾರಕ್ಕೊಮ್ಮೆಯೋ ಎರಡು ಸಲವೋ ಬಂದು ಹೋಗುತ್ತಾರೆ. ಕೂರುವವನು ನನ್ನಂಥ ಎಂಎಸ್‌ಡಬ್ಲ್ಯು ಮಾಡಿದವನು, ಇಲ್ಲವೇ ಕುಡಿತ ಬಿಟ್ಟು ಸಮಾಲೋಚಕನಾದವನು. ನಾನು ತಪ್ಪು ಮಾಡಿದರೆ ಯಾವ ಪರಿಷತ್ತು ನನ್ನ ಹೆಸರು ತೆಗೆದುಹಾಕಬೇಕು? ನನ್ನ ಹೆಸರು ಎಲ್ಲೂ ಇರಲೇ ಇಲ್ಲ.

ತರಬೇತಿ? ನಾನು ಓದಿದ ಎರಡು ವರ್ಷದಲ್ಲಿ ವ್ಯಸನದ ಮೇಲೆ ಒಂದಿಡೀ ಪೇಪರ್ ಇತ್ತು. ಲೈಂಗಿಕ ಅಲ್ಪಸಂಖ್ಯಾತರ ಹೆಸರು ಬಂದದ್ದು ಏಡ್ಸ್ ಪಾಠದಲ್ಲಿ ಮಾತ್ರ, ‘ಹೈ ರಿಸ್ಕ್ ಗುಂಪು’ ಅಂತ. ಇದೊಂದು ವಿಚಿತ್ರ. ಎಚ್‌ಐವಿ ಕಾರ್ಯಕ್ರಮದಿಂದಾಗಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಸಮಾಲೋಚಕರು ಗಂಡಸರ ನಡುವಿನ ಸಂಬಂಧದ ಬಗ್ಗೆ ಮುಖ ಕಿವುಚದೆ ಕೇಳುವುದನ್ನು ಕಲಿತರು, ಕಾಂಡೋಮಿನ ಮಟ್ಟಿಗಾದರೂ. ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ, ಅದೇ ಮನುಷ್ಯ ಕುಡಿತದ ಸಮಸ್ಯೆ ತಗೊಂಡು ಹೋದರೆ, ಅಲ್ಲಿ ಅವನು ‘ಅವಿವಾಹಿತ, ಪುರುಷ’. ಒಂದು ಕೋಣೆಯಲ್ಲಿ ಅವನಿಗೆ ದೇಹ ಮಾತ್ರ ಇದೆ, ಇನ್ನೊಂದರಲ್ಲಿ ಅದೂ ಇಲ್ಲ.

ಬೆಂಗಳೂರಿನಲ್ಲಿ ಪರಿಸ್ಥಿತಿ ಬೇರೆ ಅಂತ ನೀವು ಹೇಳಬಹುದು. ಹೌದು, ಕ್ವೀರ್ ಜನರ ಬದುಕನ್ನು ಅರಿತು ಸಮಾಲೋಚನೆ ಮಾಡುವ ತರಬೇತಿಯನ್ನು ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ 2019ರಿಂದ ನಡೆಸುತ್ತಿದೆ. ಅಂಥ ಸಮಾಲೋಚಕರ ಪಟ್ಟಿಗಳು ಇನ್‌ಸ್ಟಾಗ್ರಾಮಿನಲ್ಲಿ ಓಡಾಡುತ್ತವೆ, ನಾನೂ ಕಳಿಸಿದ್ದೇನೆ. ಆದರೆ ಆ ಪಟ್ಟಿಯಲ್ಲಿರುವವರ ಜತೆ ಮಾತಾಡೋಕೆ ಬಹಳ ಸಲ ಇಂಗ್ಲಿಷ್ ಬೇಕು, ಗಂಟೆಗೆ ಸಾವಿರಾರು ರೂಪಾಯಿ ಬೇಕು, ಒಬ್ಬರೇ ಕೂತು ಮಾತಾಡೋಕೆ ಒಂದು ಕೋಣೆ ಬೇಕು. ಬೈಕ್ ಶೋರೂಮಿನ ಹುಡುಗನಿಗೆ ಮೂರೂ ಇಲ್ಲ. ನಮ್ಮ ನವೆಂಬರಿನ ಪ್ರೈಡ್ ಮೆರವಣಿಗೆಯೂ ಅವನ ಊರಿಗೆ ಬರಲ್ಲ. ಅವನ ಊರಿಗೆ ಬರೋದು ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಜಾಥಾ. ಶಾಲೆ ಮಕ್ಕಳು ಘೋಷಣೆ ಕೂಗುತ್ತಾ ಹೋಗುತ್ತಾರೆ, ಮುಂದೆ ಬ್ಯಾನರು, ಹಿಂದೆ ಪೊಲೀಸ್ ಜೀಪು.

ಇಷ್ಟೂ ಮಾತು ಗಂಡಸು ಅಂತ ದಾಖಲಾಗಬಹುದಾದವನ ಬಗ್ಗೆ ಆಯಿತು. ದಾಖಲೇ ಆಗಲಾಗದವರ ಕಥೆ ಬೇರೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರ ಪ್ರಮಾಣ ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6. ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರಷ್ಟೇ ಯಾವುದೋ ಒಂದು ಚಿಕಿತ್ಸೆ ಪಡೆದಿದ್ದರು. ಈ ಲೆಕ್ಕದ ನೆರಳಲ್ಲೇ ನಮ್ಮ ಕೇಂದ್ರಗಳು ಹುಟ್ಟಿವೆ, ಬಹುತೇಕ ಗಂಡಸರ ವಾರ್ಡುಗಳಾಗಿ. ಹೆಂಗಸರಿಗೇ ಜಾಗವಿಲ್ಲದ ಕಡೆ ಟ್ರಾನ್ಸ್ ಮಹಿಳೆಯನ್ನು ಎಲ್ಲಿ ಮಲಗಿಸುತ್ತಾರೆ? 2014ರ ನಾಲ್ಸಾ ತೀರ್ಪು ಬಂತು, ಆರೋಗ್ಯ ಸೇವೆಯಲ್ಲಿ ತಾರತಮ್ಯ ಕೂಡದು ಅನ್ನುವ 2019ರ ಕಾಯ್ದೆ ಬಂತು, ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರ ಮೀಸಲಾತಿಯನ್ನೂ ತಂದಿತು. ವಾರ್ಡಿನ ಬಾಗಿಲ ಮೇಲಿನ ಬೋರ್ಡು ಮಾತ್ರ ಅದೇ ಇದೆ.

ಹೋದ ವಾರ ಕಲ್ಯಾಣ ಕರ್ನಾಟಕದ ಕಡೆಯ ಟ್ರಾನ್ಸ್ ಮಹಿಳೆಯೊಬ್ಬರು, ಪರಿಚಯದವರ ಮೂಲಕ ನಂಬರ್ ಪಡೆದು ಫೋನ್ ಮಾಡಿದ್ದರು. ‘ಅಣ್ಣಾ, ನನಗ ಕುಡಿಯೋದು ಬಿಡಬೇಕಾಗೇತಿ. ಹೊಟ್ಟಿ ಊದಾಕತ್ತೈತಿ. ಎಲ್ಲಿ ಹೋಗ್ಲಿ?’ ಗೊತ್ತಿದ್ದ ನಾಲ್ಕು ಖಾಸಗಿ ಕೇಂದ್ರಗಳಿಗೆ ಫೋನ್ ಮಾಡಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಒಬ್ಬರು ‘ಲೇಡೀಸ್ ವಾರ್ಡ್ ಇಲ್ಲ ಸರ್’ ಅಂದರು. ಇನ್ನೊಬ್ಬರು ‘ನಮಗೇನೂ ಇಲ್ಲ, ಬೇರೆ ಪೇಷಂಟ್ಸ್‌ಗೆ ತೊಂದರೆ ಆಗುತ್ತೆ’ ಅಂದರು. ಮೂರನೆಯವರು ‘ಮ್ಯಾನೇಜ್‌ಮೆಂಟ್ ಕೇಳಿ ಹೇಳ್ತೀನಿ’ ಅಂತ ಹೇಳಿ ಮತ್ತೆ ಫೋನ್ ತೆಗೆಯಲಿಲ್ಲ. ನಾಲ್ಕನೆಯವರು ಒಪ್ಪಿದರು, ಗಂಡಸರ ವಾರ್ಡಿನಲ್ಲಿ, ಪ್ಯಾಂಟು-ಶರ್ಟಿನಲ್ಲಿ, ಕೂದಲು ಕಟ್ ಮಾಡಿಸಿಕೊಂಡು ಬರುವುದಾದರೆ. ಆಕೆ ತೆಗೆದುಕೊಳ್ಳುತ್ತಿರುವ ಹಾರ್ಮೋನ್ ಮಾತ್ರೆಗಳ ಬಗ್ಗೆ ಕೇಳಿದೆ. ‘ಇಲ್ಲಿ ಎಲ್ಲ ಮಾತ್ರೆನೂ ನಿಲ್ಲಿಸ್ತೀವಿ ಸರ್, ರೂಲ್ಸು.’

‘ಕೂದಲಾ ತೆಗಸ್ತಾರಂತೇನಣ್ಣಾ?’ ಆಕೆ ಕೇಳಿದರು.

‘ಒಬ್ಬರು ಹಾಗಂದ್ರು.’

‘ಹಂಗಾರ ಬ್ಯಾಡ ಬಿಡು.’

ಕೊನೆಗೆ ಅವರ ಜಿಲ್ಲಾಸ್ಪತ್ರೆಯ ಮನೋವೈದ್ಯೆಯ ನಂಬರ್ ಸಿಕ್ಕಿತು. ಪೂರ್ತಿ ವಿಷಯ ಕೇಳಿಸಿಕೊಂಡು ಅವರು, ‘ಬರಲಿ. ಮೊದಲು ಲಿವರ್ ಟೆಸ್ಟ್ ಮಾಡಿಸೋಣ. ದಾಖಲು ಮಾಡಬೇಕಾದರೆ ಯಾವ ವಾರ್ಡ್ ಅಂತ ಅವರನ್ನೇ ಕೇಳ್ತೀನಿ, ಇಲ್ಲಾಂದ್ರೆ ಒಂದು ಸೈಡ್ ರೂಮ್ ಇದೆ’ ಅಂದರು. ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ. ಅವರಿಗೆ ಯಾಕೆ ಅಂತ ಅರ್ಥವಾದ ಹಾಗೆ ಕಾಣಲಿಲ್ಲ.

ಮಂಗಳವಾರದ ಓಪಿಡಿಗೆ ಹೋಗುವುದು ಅಂತ ಆಗಿದೆ. ಇವತ್ತು ಬೆಳಗ್ಗೆ ಆಕೆ ಮತ್ತೆ ಫೋನ್ ಮಾಡಿ, ಆಧಾರ್ ಕಾರ್ಡಿನಲ್ಲಿ ಹಳೇ ಹೆಸರೇ ಐತಿ, ಚೀಟಿ ಬರೆಯೋ ಕೌಂಟರಿನ್ಯಾಗ ಯಾವ ಹೆಸರು ಕೂಗತಾರ ಅಂತ ಕೇಳಿದರು. ನಾನು ಡಾಕ್ಟರನ್ನು ಅದೊಂದು ಕೇಳಿರಲಿಲ್ಲ. ಸಂಜೆ ಫೋನ್ ಮಾಡಬೇಕು.